ಪ್ರವಾಸದ ಬಸ್ಸಿನಲ್ಲಿ ಬಲ್ಲವರೊಬ್ಬರು ಇರಲಿ

ನವೆಂಬರ್ ಬಂತೆಂದರೆ ನಮ್ಮ ಹಾಸನ ಜಿಲ್ಲೆಯ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು ಶುರುವಾಗುತ್ತದೆ. ಬೆಳಿಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಹಳೇಬೀಡು, ಹೊತ್ತು ಇಳಿಯುವಷ್ಟರಲ್ಲಿ ಬೇಲೂರು, ರಾತ್ರಿ ಮತ್ತೆ ಊರ ದಾರಿ. ಬಸ್ಸಿನಲ್ಲಿ ಡ್ರೈವರ್ ಇರುತ್ತಾರೆ, ಅಡುಗೆಯವರು ಇರುತ್ತಾರೆ, ಮಕ್ಕಳ ತಲೆ ಎಣಿಸಲು ಇಬ್ಬರು ಮೂವರು ಶಿಕ್ಷಕರು ಇರುತ್ತಾರೆ. ನೋಡಲು ಹೊರಟ ಜಾಗವನ್ನು ಬಲ್ಲವರೊಬ್ಬರು ಮಾತ್ರ ಇರುವುದಿಲ್ಲ. ದೊಡ್ಡವರ ಪ್ಯಾಕೇಜ್ ಟೂರುಗಳ ಕಥೆಯೂ ಇದೇ. ಊಟದಲ್ಲಿ ಎಷ್ಟು ಬಗೆ, ಹೋಟೆಲಿನಲ್ಲಿ ಬಿಸಿನೀರು ಎಷ್ಟು ಹೊತ್ತಿನವರೆಗೆ ಎಂಬುದೆಲ್ಲ ಮುದ್ರಿತ ಹಾಳೆಯಲ್ಲಿ ಇರುತ್ತದೆ. ವಿವರಿಸುವವರು ಯಾರು ಎಂಬ ಸಾಲು ಇರುವುದಿಲ್ಲ.

ನಾನು ಇತಿಹಾಸದ ಉಪನ್ಯಾಸಕಿ. ಸರ್ಕಾರಿ ಪದವಿ ಕಾಲೇಜಿನಿಂದ ನಿವೃತ್ತಳಾದ ಮೇಲೆ ಅಧ್ಯಯನ ಪ್ರವಾಸಗಳ ಜೊತೆ ಹೋಗಿ ವಿವರಿಸುವುದನ್ನೇ ಕೆಲಸ ಮಾಡಿಕೊಂಡಿದ್ದೇನೆ. ನಿವೃತ್ತ ಬ್ಯಾಂಕ್ ನೌಕರರು, ಮಹಿಳಾ ಸಮಾಜದವರು, ಎಂಜಿನಿಯರಿಂಗ್ ಓದುವ ಹುಡುಗರು, ಅಮೆರಿಕದಿಂದ ರಜೆಗೆ ಬಂದು ಮಕ್ಕಳಿಗೆ ನಾಡು ತೋರಿಸಬೇಕೆನ್ನುವ ಕನ್ನಡದ ಕುಟುಂಬಗಳು, ಹೀಗೆ ಎಲ್ಲ ಬಗೆಯವರ ಜೊತೆಗೂ ನಡೆದಿದ್ದೇನೆ. ಆ ಅನುಭವದಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ವಿಷಯ ಬಲ್ಲ ಉಪನ್ಯಾಸಕರು ಜೊತೆಗಿರುವುದು ದುಡ್ಡಿದ್ದವರ ಶೋಕಿ ಅಂತ ನಾವು ತಿಳಿದಿದ್ದೇವೆ. ಐತಿಹಾಸಿಕ ಸ್ಥಳದ ಪ್ರವಾಸಕ್ಕೆ ಅದು ಡ್ರೈವರ್‌ನಷ್ಟೇ ಅಗತ್ಯ. ಶಾಲೆಗಳೂ ಪ್ರವಾಸೋದ್ಯಮ ಇಲಾಖೆಯೂ ವಿಶ್ವವಿದ್ಯಾಲಯಗಳೂ ಇದನ್ನು ಒಪ್ಪಿಕೊಂಡು ವ್ಯವಸ್ಥೆ ಮಾಡುವ ಕಾಲ ಬಂದಿದೆ.

ಬೇಲೂರನ್ನೇ ತೆಗೆದುಕೊಳ್ಳಿ. ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಇದನ್ನು ಕೆತ್ತಿದವರು ಯಾರು ಎಂದು ಅಂಗಳದಲ್ಲಿ ನಿಂತ ಯಾರನ್ನೇ ಕೇಳಿ, ಜಕಣಾಚಾರಿ ಎನ್ನುತ್ತಾರೆ. ಮಗ ಡಂಕಣ ವಿಗ್ರಹದಲ್ಲಿ ದೋಷವಿದೆ ಎಂದದ್ದು, ಮೈಗೆಲ್ಲ ಹಚ್ಚಿದ ಗಂಧ ಹೊಕ್ಕುಳ ಹತ್ತಿರ ಮಾತ್ರ ಒಣಗದೆ ಉಳಿದದ್ದು, ಅಲ್ಲಿ ಉಳಿಯಿಟ್ಟರೆ ಕಪ್ಪೆ ಹೊರಬಿದ್ದದ್ದು, ತಂದೆ ತನ್ನ ಬಲಗೈ ಕತ್ತರಿಸಿಕೊಂಡದ್ದು, ಕೈದಾಳದಲ್ಲಿ ಅದು ಮರಳಿ ಬಂದದ್ದು. ಎಂಥ ಕಥೆ! 1964ರಲ್ಲಿ ಬಂದ 'ಅಮರಶಿಲ್ಪಿ ಜಕಣಾಚಾರಿ' ಚಿತ್ರ ಅದನ್ನು ಬಣ್ಣದಲ್ಲಿ ಮನೆಮನೆಗೂ ಮುಟ್ಟಿಸಿತು. ನನಗೂ ಅದು ಇಷ್ಟದ ಕಥೆ. ಪ್ರವಾಸದಲ್ಲಿ ಅದನ್ನು ಪೂರ್ತಿ ಹೇಳುತ್ತೇನೆ, ಮಕ್ಕಳು ಕಣ್ಣು ಮಿಟುಕಿಸದೆ ಕೇಳುತ್ತಾರೆ.

ಕಥೆ ಮುಗಿದ ಮೇಲೆ ಚೀಲದಿಂದ ದುರ್ಬೀನು ತೆಗೆದು ಅವರ ಕೈಗೆ ಕೊಡುತ್ತೇನೆ. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರನ್ನು ನೋಡಿ ಎನ್ನುತ್ತೇನೆ. ಹೊರಗೆ 38 ಇವೆ, ಒಳಗೆ ನವರಂಗದಲ್ಲಿ ನಾಲ್ಕು. ಎಲ್ಲರೂ ಮೊದಲು ಮುಖ ನೋಡುತ್ತಾರೆ, ಆಮೇಲೆ ಕೈಯಲ್ಲಿರುವ ಕನ್ನಡಿ, ಗಿಳಿ, ಬಿಲ್ಲು ನೋಡುತ್ತಾರೆ. "ಈಗ ಪಾದದ ಕೆಳಗೆ ನೋಡಿ" ಎಂದಾಗ ಒಂದು ಕ್ಷಣ ಸದ್ದಿರುವುದಿಲ್ಲ. ಆಮೇಲೆ ಯಾರೋ ಒಬ್ಬರು "ಅಯ್ಯೋ ಮೇಡಂ, ಅಲ್ಲಿ ಕನ್ನಡ ಇದೆ!" ಎಂದು ಕೂಗುತ್ತಾರೆ. ಹೌದು, ಅಲ್ಲಿ ಕನ್ನಡ ಇದೆ. ಹಲವು ಮದನಿಕೆಯರ ಪೀಠದ ಮೇಲೆ ಕೆತ್ತಿದವರ ಹೆಸರು, ಬಿರುದು, ಊರು ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೊಯ್ಸಳರ ಕಾಲದ ಅಕ್ಷರ ಇವತ್ತಿನ ಓದುಗರಿಗೆ ಪೂರ್ತಿ ಅಪರಿಚಿತವೇನಲ್ಲ. ಒಂದೆರಡು ಅಕ್ಷರದ ತಿರುವು ಹೇಳಿಕೊಟ್ಟರೆ ಏಳನೇ ತರಗತಿಯ ಮಗು ಕೂಡ ಉಳಿದದ್ದನ್ನು ಊಹಿಸಿ ಓದಲು ಹೊರಡುತ್ತದೆ.

ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ. ಬಳ್ಳಿಗಾವೆ ಎಲ್ಲಿದೆ? ಇವತ್ತಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿ. ಅದು ಚಾಲುಕ್ಯರ ನಾಡಿನ ದೊಡ್ಡ ಪಟ್ಟಣ. ಅಲ್ಲಿ ಕಲಿತ ಕುಶಲಕರ್ಮಿಗಳು ಹೊಯ್ಸಳರ ನಾಡಿಗೆ ಬಂದು ಕೆಲಸ ಮಾಡಿದರು. ತಂದೆ ಮಗ ಇಬ್ಬರೂ ಒಂದೇ ಗುಡಿಯ ಕೆಲಸದಲ್ಲಿದ್ದರು. ಅವರಿಗೆ ಬಿರುದುಗಳಿದ್ದವು, ತಮ್ಮ ಕೆಲಸದ ಮೇಲೆ ಹೆಸರು ಬರೆಯುವ ಹಕ್ಕಿತ್ತು, ಹೆಮ್ಮೆಯಿತ್ತು. ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರು ಸಿಗುವುದಿಲ್ಲ. ಕಪ್ಪೆಯ ಕಥೆ ಅಂಟಿಕೊಂಡಿರುವ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ. ನಿಜವಾಗಿ ಕೆತ್ತಿದ ಕೈಗಳ ಹೆಸರು ಒಂಬತ್ತು ಶತಮಾನಗಳಿಂದ ಕಣ್ಣೆದುರೇ ಇದೆ. ಕೋಟ್ಯಂತರ ಜನ ಅದರ ಕೆಳಗೇ ಹಾದುಹೋಗಿದ್ದಾರೆ. ತಲೆಯೆತ್ತಿ ಎಲ್ಲಿ ನೋಡಬೇಕೆಂದು ಹೇಳುವವರು ಇರಲಿಲ್ಲ.

ಬಲ್ಲವರು ಜೊತೆಗಿರಬೇಕು ಎಂದು ನಾನು ಹೇಳುವುದು ಇದಕ್ಕೇ. ಮಾಹಿತಿ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಇಸವಿ, ರಾಜನ ಹೆಸರು, ಗುಡಿಯ ಎತ್ತರ ತಿಳಿಯಲು ಉಪನ್ಯಾಸಕರು ಬೇಕಿಲ್ಲ. ಅದು ನಮಗೆ ಹೇಗೆ ಗೊತ್ತಾಯಿತು, ಯಾವ ಕಲ್ಲು ಅದನ್ನು ಹೇಳುತ್ತದೆ, ಎಲ್ಲಿಗೆ ಶಾಸನದ ಮಾತು ಮುಗಿದು ವಿದ್ವಾಂಸರ ಊಹೆ ಶುರುವಾಗುತ್ತದೆ ಎಂಬುದನ್ನು ಆ ಕಲ್ಲಿನ ಮುಂದೆಯೇ ನಿಂತು ತೋರಿಸಲು ಅವರು ಬೇಕು. ಒಮ್ಮೆ ಹಾಗೆ ನೋಡಿದವರು ಮುಂದಿನ ಗುಡಿಯಲ್ಲಿ ನಮ್ಮನ್ನು ಕಾಯುವುದಿಲ್ಲ, ತಾವೇ ಹುಡುಕಲು ಶುರುಮಾಡುತ್ತಾರೆ.

ವೀರಗಲ್ಲಿನ ವಿಚಾರದಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮ ನಾಡಿನಲ್ಲಿ ವೀರಗಲ್ಲು ಇಲ್ಲದ ಹೋಬಳಿ ಸಿಗುವುದು ಕಷ್ಟ. ಹೆಚ್ಚಿನವು ಮೂರು ಪಟ್ಟಿಕೆಗಳ ಕಲ್ಲುಗಳು. ಕೆಳಗಿನದರಲ್ಲಿ ಹೋರಾಟ: ದನ ಹಿಡಿದುಕೊಂಡು ಹೋಗಲು ಬಂದವರು, ಅವರಿಗೆ ಎದುರಾದ ವೀರ, ಬಿಲ್ಲು, ಕತ್ತಿ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರರು. ಕೆಳಗಿನಿಂದ ಮೇಲಕ್ಕೆ ಓದಬೇಕು. ಬಳೆ ತೊಟ್ಟ ಒಂದು ತೋಳು ಎದ್ದು ನಿಂತಿದ್ದರೆ ಅದು ಮಹಾಸತಿ ಕಲ್ಲು. ಅರ್ಧ ಗಂಟೆಯಲ್ಲಿ ಇಷ್ಟನ್ನು ಕಲಿಸಬಹುದು. ಕಲಿತವರು ಊರಿಗೆ ಹೋಗಿ ಒಂದೆರಡು ವಾರದಲ್ಲಿ ಫೋಟೋ ಕಳಿಸುತ್ತಾರೆ. "ಮೇಡಂ, ನಮ್ಮ ಕೆರೆ ಏರಿ ಮೇಲೆ ಇದೊಂದು ಇದೆ, ನಾವು ಇಷ್ಟು ದಿನ ಮಾರಿಕಲ್ಲು ಅಂತ ಅರಿಶಿನ ಹಚ್ಚುತ್ತಿದ್ದೆವು, ಇದು ವೀರಗಲ್ಲು ಅಲ್ವಾ?" ಅರಿಶಿನ ಹಚ್ಚುವುದನ್ನು ಮುಂದುವರಿಸಿ, ಅಕ್ಷರ ಇದ್ದರೆ ಅದರ ಮೇಲೆ ಎಣ್ಣೆ ಸುರಿಯಬೇಡಿ ಎಂದು ಉತ್ತರ ಬರೆಯುತ್ತೇನೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಿಂದ ಬಂದದ್ದು, ಹತ್ತನೇ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಬೂತುಗ ಇಬ್ಬರೂ ಸೇರಿ ಚೋಳರನ್ನು ಗೆದ್ದ ಸುದ್ದಿ ಅದರಲ್ಲಿದೆ. ಬೂತುಗನ ಸೇವಕ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ರಾಜ ಏನು ಬೇಕು ಎಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಮಣಲೆರ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಎದುರಾಗಿ ನಿಂತ ಚಿತ್ರವಿದೆ. ಜೊತೆಗೆ ಬಲ್ಲವರಿಲ್ಲದವರು ಆ ಕಲ್ಲನ್ನು ದಾಟಿ ಮುಂದಿನ ಕೋಣೆಗೆ ಹೋಗಿಬಿಡುತ್ತಾರೆ. ಕಾಳಿಯ ಸಂಗತಿ ಕೇಳಿದ ಮಕ್ಕಳನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗುವುದೇ ಕಷ್ಟ. ತಕ್ಕೋಲದ ಯುದ್ಧವೂ ಅವರಿಗೆ ನಾಯಿಯ ಜೊತೆಯಲ್ಲೇ ನೆನಪಿರುತ್ತದೆ.

ಬೇರೆ ದೇಶಗಳಲ್ಲಿ ಈ ಕೆಲಸಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ನೋಡಬೇಕು. ಅದರಲ್ಲೊಂದು ಎಳೆ ನಮ್ಮ ಚಿತ್ರದುರ್ಗ ಜಿಲ್ಲೆಯಿಂದಲೇ ಹೊರಡುತ್ತದೆ. ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಕಾಲಕ್ರಮದ ಚೌಕಟ್ಟು ಸಿಕ್ಕಿದ್ದರಲ್ಲಿ ಆ ಅಗೆತಕ್ಕೆ ದೊಡ್ಡ ಪಾಲಿದೆ. ಅದೇ ವೀಲರ್ ಇಂಗ್ಲೆಂಡಿಗೆ ಮರಳಿದ ಮೇಲೆ, 1954ರಲ್ಲಿ ಶುರುವಾದ ಸ್ವಾನ್ ಹೆಲೆನಿಕ್ ಹಡಗು ಪ್ರವಾಸಗಳಿಗೆ ಉಪನ್ಯಾಸಕರಾದರು. ಗ್ರೀಸಿನ ದ್ವೀಪಗಳಿಗೆ, ಟರ್ಕಿಯ ಕರಾವಳಿಗೆ ಹಡಗು ಹೋಗುತ್ತಿತ್ತು. ಜೊತೆಗೆ ವಿಶ್ವವಿದ್ಯಾಲಯದ ವಿದ್ವಾಂಸರು ಇರುತ್ತಿದ್ದರು. ಹಡಗಿನಲ್ಲಿ ಉಪನ್ಯಾಸ, ದಡಕ್ಕಿಳಿದರೆ ಅವಶೇಷಗಳ ನಡುವೆ ನಿಂತು ವಿವರಣೆ. ಅಗೆದವರ ಬಾಯಿಂದಲೇ ಅಗೆದ ನೆಲದ ಮಾತು ಕೇಳಲು ಜನ ಬರುತ್ತಿದ್ದರು. ಇವತ್ತು ಬ್ರಿಟನ್ನಿನಲ್ಲಿ ಇದೇ ಕ್ರಮದಲ್ಲಿ ನಡೆಯುವ ಪ್ರವಾಸ ಸಂಸ್ಥೆಗಳು ಹಲವು ಇವೆ. ಅವರ ಕೈಪಿಡಿಯಲ್ಲಿ ಹೋಟೆಲಿನ ಹೆಸರಿಗಿಂತ ಮೊದಲು ಉಪನ್ಯಾಸಕರ ಹೆಸರು, ಅವರು ಏನು ಅಧ್ಯಯನ ಮಾಡಿದ್ದಾರೆ ಎಂಬ ವಿವರ ಇರುತ್ತದೆ. ಜನ ಜಾಗ ನೋಡಿ ಆರಿಸುವಂತೆ ಉಪನ್ಯಾಸಕರನ್ನು ನೋಡಿಯೂ ಪ್ರವಾಸ ಆರಿಸುತ್ತಾರೆ.

ವೀಲರ್ ಅಗೆದ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಶಾಸನ ಬ್ರಾಹ್ಮೀ ಲಿಪಿಯಲ್ಲಿದೆ, ಬರೆದವನ ಹೆಸರು ಚಪಡ. ಕೊನೆಯಲ್ಲಿ ಅವನು ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಇಂದಿನ ಪಾಕಿಸ್ತಾನದ ವಾಯವ್ಯ ಭಾಗ, ಅಫ್ಘಾನಿಸ್ತಾನದ ಕಡೆ ಬಳಕೆಯಲ್ಲಿದ್ದ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದ್ದು. ಆ ಒಂದು ಪದ ಮೌರ್ಯರ ಕಾಲದ ಒಬ್ಬ ಬರಹಗಾರನ ಕಲಿಕೆಯ ದಾರಿಯನ್ನು ಉಪಖಂಡದ ಆ ತುದಿಯಿಂದ ಈ ತುದಿಯವರೆಗೆ ತೋರಿಸುತ್ತದೆ. ಇಂಥ ಜಾಗ ನಮ್ಮಲ್ಲಿರುವಾಗ ಅಲ್ಲಿಗೆ ಎಷ್ಟು ಶಾಲೆಗಳ ಬಸ್ಸು ಹೋಗುತ್ತದೆ? ಹೋದರೂ ಆ ಕೊನೆಯ ಪದದ ಮೇಲೆ ಬೆರಳು ತೋರಿಸುವವರು ಯಾರು?

ವಿದ್ವಾಂಸರಿಗೆ ನಮ್ಮಲ್ಲಿ ಕೊರತೆಯಿಲ್ಲ. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಿಂದ ಹಿಡಿದು ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ, ಸೂರ್ಯನಾಥ ಕಾಮತ್, ಎಂ.ಎಂ. ಕಲಬುರ್ಗಿ, ಷ. ಶೆಟ್ಟರ್ ಅವರ ತನಕ ದೊಡ್ಡ ಪರಂಪರೆಯೇ ಇದೆ. 1939ರಲ್ಲಿ ಹುಟ್ಟಿದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಒಬ್ಬ ಮನುಷ್ಯ ಪಾಳುಬಿದ್ದ ಜಾಗದಲ್ಲಿ ನಿಂತದ್ದರಿಂದ ನಾಡಿನ ಚರಿತ್ರೆಯೇ ತಿರುಗಿದ ಉದಾಹರಣೆಯೂ ನಮ್ಮದೇ. ಆಲೂರು ವೆಂಕಟರಾಯರು 1905ರಲ್ಲಿ ಹಂಪಿಗೆ ಹೋದಾಗ ಅವರಲ್ಲಿ ಹುಟ್ಟಿದ ಕಳವಳ 1917ರ 'ಕರ್ನಾಟಕ ಗತವೈಭವ'ವಾಗಿ ಬಂತು, ಏಕೀಕರಣದ ಚಳವಳಿಗೆ ಬಲವಾಯಿತು. ಹೀಗಿದ್ದೂ ಸಂಶೋಧನೆ ಸಂಪುಟಗಳಲ್ಲಿ ಉಳಿದಿದೆ, ಬಸ್ಸು ತನ್ನ ಪಾಡಿಗೆ ಓಡುತ್ತಿದೆ. ಎರಡನ್ನೂ ಜೋಡಿಸುವ ಕೊಂಡಿ ಕಳಚಿಹೋಗಿದೆ.

ಬಲ್ಲವರು ಜೊತೆಗಿದ್ದರೆ ಇನ್ನೊಂದು ದೊಡ್ಡ ಉಪಕಾರವಿದೆ. ಇತಿಹಾಸದ ಹೆಸರಿನಲ್ಲಿ ಜಗಳ ಹೆಚ್ಚುತ್ತಿರುವ ಈ ದಿನಗಳಲ್ಲಿ ಕಲ್ಲಿನ ಮುಂದೆ ನಿಂತು ಮಾತಾಡಿದರೆ ಧ್ವನಿ ತಗ್ಗುತ್ತದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಅರಸ ಇಬ್ಬರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡೂ ದರ್ಶನಗಳಲ್ಲಿ ಭೇದವಿಲ್ಲ ಎಂದು ತೀರ್ಪು ಕೊಟ್ಟ. ತೀರ್ಪು ಅಲ್ಲಿಗೇ ನಿಲ್ಲಲಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಬೇಕು, ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಆ ಹಣದಿಂದ ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಕಾವಲನ್ನು ನೇಮಿಸುವ ಹೊಣೆ ವೈಷ್ಣವರದು, ಕಾಯಬೇಕಾದದ್ದು ಜೈನರ ದೇವರನ್ನು! ಈ ಶಾಸನದ ಮುಂದೆ ನಾನು ಭಾಷಣ ಮಾಡುವುದಿಲ್ಲ. ವಿವರವನ್ನು ಸಾಲುಸಾಲಾಗಿ ಹೇಳುತ್ತೇನೆ, ಅಷ್ಟೇ. ವ್ಯಾಜ್ಯ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ, ಅದು ಹೇಗೆ ಬಗೆಹರಿಯಿತು ಎಂಬುದನ್ನೂ ಬಿಡುವುದಿಲ್ಲ. ಕೇಳಿದವರು ಬಸ್ಸಿನಲ್ಲಿ ತಮ್ಮತಮ್ಮಲ್ಲೇ ಮಾತು ಮುಂದುವರಿಸುತ್ತಾರೆ. ನಾಗರಿಕ ಶಿಕ್ಷಣ ಎಂದರೆ ಇದೇ ಎಂದು ನಾನು ನಂಬಿದ್ದೇನೆ.

ವಿದ್ವಾಂಸರ ಅಭಿಪ್ರಾಯವೂ ಬದಲಾಗುತ್ತದೆ ಎಂಬುದನ್ನು ತೋರಿಸುವುದೂ ಇದೇ ಕೆಲಸದ ಭಾಗ. ಐಹೊಳೆಯ ಲಾಡ್‌ಖಾನ್ ಗುಡಿಯನ್ನು ಹಿಂದಿನ ತಲೆಮಾರಿನ ವಿದ್ವಾಂಸರು ಐದನೇ ಶತಮಾನದ್ದು ಎಂದು ಎಣಿಸಿದ್ದರು. ಚಾಲುಕ್ಯ ವಾಸ್ತುವಿನ ಮೊದಲ ಪ್ರಯೋಗ ಎಂದು ಪಠ್ಯಪುಸ್ತಕಗಳಲ್ಲೂ ಅದು ಸೇರಿತು. ಆಮೇಲೆ ಬಂದವರು ಕಂಬ, ಕೆತ್ತನೆ, ಶಾಸನಗಳನ್ನು ಹೋಲಿಸಿ ಅದನ್ನು ಏಳು ಎಂಟನೇ ಶತಮಾನಕ್ಕೆ ತಂದರು. ಅದೇ ಊರಿನ ಮೇಗುತಿ ಗುಡಿಯ ವಿಚಾರದಲ್ಲಿ ಇಂಥ ತೊಂದರೆಯಿಲ್ಲ. ಗೋಡೆಯಲ್ಲೇ ರವಿಕೀರ್ತಿಯ ಶಾಸನವಿದೆ, ಶಕ 556 ಎಂಬ ವರ್ಷವಿದೆ. ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿಯೂ, ಕಾಳಿದಾಸ, ಭಾರವಿಯರ ಹೆಸರೂ ಅದರಲ್ಲಿದೆ. ಕಾಳಿದಾಸ 634ಕ್ಕಿಂತ ಮುಂಚಿನವನು ಎಂದು ನಾವು ಧೈರ್ಯವಾಗಿ ಹೇಳಲು ಈ ಕಲ್ಲು ಆಧಾರ. ಮೊದಲು ಲಾಡ್‌ಖಾನ್ ಗುಡಿ, ಆಮೇಲೆ ಬೆಟ್ಟ ಹತ್ತಿ ಮೇಗುತಿ, ಈ ಕ್ರಮದಲ್ಲಿ ಕರೆದುಕೊಂಡು ಹೋದರೆ ಊಹೆಗೂ ಆಧಾರಕ್ಕೂ ಇರುವ ಅಂತರ ಪಾಠ ಮಾಡದೆಯೇ ತಿಳಿಯುತ್ತದೆ.

ಹಾಗಾದರೆ ಸ್ಥಳದಲ್ಲಿರುವ ಗೈಡ್‌ಗಳ ಗತಿಯೇನು ಎಂದು ಕೇಳುವವರಿದ್ದಾರೆ. ಇದು ನ್ಯಾಯವಾದ ಪ್ರಶ್ನೆ. ಹಂಪಿಯಲ್ಲಿ, ಬಾದಾಮಿಯಲ್ಲಿ, ಬೇಲೂರಿನಲ್ಲಿ ಬಿಸಿಲಲ್ಲಿ ನಿಂತು, ಮೂರು ನಾಲ್ಕು ಭಾಷೆ ಕಲಿತು ಕುಟುಂಬ ಸಾಕುವ ಗೈಡ್‌ಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಯಾವ ಹೊತ್ತಿನಲ್ಲಿ ಯಾವ ಗೋಡೆಯ ಮೇಲೆ ಬಿಸಿಲು ಬೀಳುತ್ತದೆ, ಯಾವ ಮೆಟ್ಟಿಲು ಸವೆದು ಜಾರುತ್ತದೆ, ಯಾವ ಕಂಬದ ಬುಡಕ್ಕೆ ಈ ವರ್ಷ ನೀರು ಬಂತು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಪ್ರಾಧ್ಯಾಪಕರಿಗೂ ಗೊತ್ತಿರುವುದಿಲ್ಲ. ಊರಿನ ಜಾತ್ರೆ, ಹರಕೆ, ಹಿರಿಯರ ಬಾಯಿಮಾತು ಅವರ ಸ್ವಂತ ಸೊತ್ತು. ನಾನು ಹೋದಲ್ಲೆಲ್ಲ ಸ್ಥಳೀಯ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತೇನೆ, ಅವರ ಪೂರ್ತಿ ದರ ಕೊಡಿಸುತ್ತೇನೆ. ಊರಿನ ಮಾತು ಅವರದು, ಶಾಸನದ ಮಾತು ನನ್ನದು. ಗೈಡ್‌ಗಳಿಗೆ ಆಗುತ್ತಿರುವ ಅನ್ಯಾಯ ಬೇರೆಯೇ ಇದೆ. ಒಮ್ಮೆ ತರಬೇತಿ ಕೊಟ್ಟು, ಕೊರಳಿಗೆ ಕಾರ್ಡು ಹಾಕಿ, ಆಮೇಲೆ ಅವರನ್ನು ಅವರ ಪಾಡಿಗೆ ಬಿಟ್ಟುಬಿಡುತ್ತೇವೆ. ಹೊಸ ಸಂಶೋಧನೆ ಅವರಿಗೆ ತಲುಪುವ ದಾರಿಯನ್ನೇ ಮಾಡಿಲ್ಲ. ಹೀಗಿರುವಾಗ ಅವರು ಹಳೆಯ ಕಥೆಯನ್ನೇ ಹೇಳುತ್ತಾರೆಂದು ದೂರುವ ಅಧಿಕಾರ ನಮಗಿಲ್ಲ.

ವಿದ್ವಾಂಸರು ಕೊರೆಯುತ್ತಾರೆ, ಜನ ಬೇಸತ್ತು ಮೊಬೈಲು ತೆಗೆಯುತ್ತಾರೆ ಎಂಬ ಆಕ್ಷೇಪಣೆಯೂ ಇದೆ. ತರಗತಿಯ ಪಾಠವನ್ನೇ ಗುಡಿಯ ಮುಂದೆ ಒಪ್ಪಿಸಿದರೆ ಹಾಗೇ ಆಗುತ್ತದೆ. ಬಯಲಿನಲ್ಲಿ ಪಾಠ ಮಾಡುವುದು ಬೇರೆಯೇ ಕಸುಬು, ಕಲಿಯಬೇಕಾದ ಕಸುಬು. ಗುಂಪಿನಲ್ಲಿ ಮೂವತ್ತಕ್ಕಿಂತ ಹೆಚ್ಚು ಜನ ಇರಬಾರದು. ಮಾತು ಶುರುಮಾಡುವ ಮೊದಲು ವಯಸ್ಸಾದವರಿಗೆ ನೆರಳು, ಕೂರಲು ಕಟ್ಟೆ ಎಲ್ಲಿದೆ ನೋಡಬೇಕು. ಒಂದು ಗುಡಿಯಲ್ಲಿ ಆರು ಕಡೆ ನಿಲ್ಲಿಸಿದರೆ ಸಾಕು, ಒಂದೊಂದು ಕಡೆಯೂ ಕಣ್ಣಿಗೆ ಕಾಣುವ ಒಂದು ವಸ್ತುವಿನಿಂದಲೇ ಮಾತು ಶುರುವಾಗಬೇಕು. ಸವೆದ ಶಾಸನವಾದರೆ ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಆಗ ಅಕ್ಷರದ ಅಂಚಿಗೆ ನೆರಳು ಬಿದ್ದು, ಇಲ್ಲವೆಂದುಕೊಂಡ ಸಾಲು ಎದ್ದು ಕಾಣುತ್ತದೆ. ಸೀಮೆಸುಣ್ಣ ತೀಡಿ ಅಕ್ಷರ ಬಿಡಿಸುವುದನ್ನು ನಾನೂ ಮಾಡುವುದಿಲ್ಲ, ಮಾಡುವವರನ್ನೂ ತಡೆಯುತ್ತೇನೆ. ಹಂಪಿಯ ಅರಮನೆ ಆವರಣದಲ್ಲಿ ಉತ್ಖನನದಿಂದ ಹೊರಬಂದ ಮೆಟ್ಟಿಲು ಮೆಟ್ಟಿಲಿನ ಪುಷ್ಕರಣಿ ಇದೆಯಲ್ಲ, ಅದರ ಕಲ್ಲುಗಳ ಮೇಲೆ ಸಣ್ಣ ಗುರುತುಗಳೂ ಅಕ್ಷರಗಳೂ ಇವೆ. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಕಲ್ಲುಕುಟಿಗರು ಹಾಕಿಕೊಂಡ ಲೆಕ್ಕ ಅದು. ಎಂಜಿನಿಯರಿಂಗ್ ಹುಡುಗರಿಗೆ ಅದನ್ನು ತೋರಿಸಿ ಸುಮ್ಮನಾದರೆ ಸಾಕು, ಅರ್ಧ ಗಂಟೆ ಅವರೇ ಚರ್ಚೆ ನಡೆಸುತ್ತಾರೆ.

ಖರ್ಚಿನ ಮಾತಿಗೆ ಬರೋಣ. ಒಂದು ಪ್ರವಾಸ ಸಂಸ್ಥೆ ನನ್ನನ್ನು ಕರೆದು, ಕೊನೆಯ ಗಳಿಗೆಯಲ್ಲಿ "ಉಪನ್ಯಾಸಕರ ಖರ್ಚು ತೆಗೆದರೆ ಇನ್ನೊಂದು ಜಾಗ ಸೇರಿಸಬಹುದು" ಎಂದು ಬೇಡವೆಂದಿತು. ಆ ಲೆಕ್ಕದಲ್ಲೇ ನಮ್ಮ ಸಮಸ್ಯೆಯೆಲ್ಲ ಇದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಪ್ರವಾಸಿಗೆ ಉಳಿಯುವುದು ಆಯಾಸ. ಒಂದು ಜಾಗ ಕಡಿಮೆ ಮಾಡಿದರೆ ಡೀಸೆಲ್ ಉಳಿಯುತ್ತದೆ. ಮೂವತ್ತು ಜನರ ಬಸ್ಸಿನಲ್ಲಿ ಉಪನ್ಯಾಸಕರ ಒಂದು ದಿನದ ಗೌರವಧನ ಹಂಚಿಕೊಂಡರೆ ತಲೆಗೆ ಬೀಳುವುದು ದಾರಿಯ ತಿಂಡಿಯಷ್ಟು. ಇಲ್ಲಿ ಅಡ್ಡಿಯಾಗಿರುವುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು.

ಆದ್ದರಿಂದ ಕೆಲವು ಸಲಹೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ. ಮೊದಲನೆಯದು ಶಾಲೆಗಳಿಗೆ. ಪ್ರವಾಸಕ್ಕೆ ಶಿಕ್ಷಣ ಇಲಾಖೆಯ ಅನುಮತಿ ಹೇಗೂ ಬೇಕು. ಅರ್ಜಿಯಲ್ಲಿ ವಾಹನದ ವಿವರ ಕೇಳುವಂತೆ ವಿವರಿಸುವವರ ಹೆಸರನ್ನೂ ಕೇಳಲಿ, ದಿನಕ್ಕೆ ಎರಡೇ ಐತಿಹಾಸಿಕ ಸ್ಥಳ ಎಂಬ ಮಿತಿ ಹಾಕಲಿ. ಸರ್ಕಾರಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ 'ಚಿಣ್ಣರ ಕರ್ನಾಟಕ ದರ್ಶನ'ದಂಥ ಯೋಜನೆಯಿಂದಲೇ ಇದು ಶುರುವಾಗಲಿ. ದುಡ್ಡು ಕೊಟ್ಟು ಬಲ್ಲವರನ್ನು ಕರೆಸಿಕೊಳ್ಳಲಾಗದ ಮಕ್ಕಳಿಗೆ ಇದು ಮೊದಲು ಸಿಗಬೇಕು.

ಎರಡನೆಯದು ಅತಿಥಿ ಉಪನ್ಯಾಸಕರ ವಿಚಾರ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಇತಿಹಾಸ ಕಲಿಸುವ ಎಷ್ಟೋ ಮಂದಿಗೆ ಕಾಲೇಜು ಮುಚ್ಚಿದ ತಿಂಗಳಲ್ಲಿ ಸಂಬಳವಿಲ್ಲ. ಎಂ.ಎ. ಮಾಡಿದ್ದಾರೆ, ಹಲವರು ಪಿಎಚ್.ಡಿ. ಮಾಡಿದ್ದಾರೆ, ತಮ್ಮ ತಾಲೂಕಿನ ಶಾಸನಗಳನ್ನು ಓದಿದ್ದಾರೆ. ರಜೆ ಬಂದಾಗಲೇ ಜನ ಪ್ರವಾಸ ಹೊರಡುವುದು. ಜಿಲ್ಲೆಗೊಂದು ಪಟ್ಟಿ ಮಾಡಿ, ದಿನಕ್ಕಿಷ್ಟು ಎಂದು ಗೌರವಧನ ಗೊತ್ತುಮಾಡಿದರೆ ಅವರ ಬದುಕಿಗೂ ಆಧಾರ, ಪ್ರವಾಸಿಗರಿಗೂ ಲಾಭ.

ಮೂರನೆಯದು ವಿಶ್ವವಿದ್ಯಾಲಯಗಳಿಗೆ. ಇತಿಹಾಸ ಎಂ.ಎ.ಯಲ್ಲಿ ಸ್ಥಳದಲ್ಲಿ ನಿಂತು ಜನಸಾಮಾನ್ಯರಿಗೆ ವಿವರಿಸುವುದನ್ನು ಒಂದು ಪತ್ರಿಕೆಯಾಗಿಯೇ ಇಡಿ, ಅದಕ್ಕೆ ಬಯಲಿನಲ್ಲೇ ಪರೀಕ್ಷೆ ಮಾಡಿ. ಅಧ್ಯಾಪಕರ ಬಡ್ತಿಯ ಹೊತ್ತಿನಲ್ಲಿ ಸಂಶೋಧನಾ ಪ್ರಬಂಧಕ್ಕೆ ಸಿಗುವ ತೂಕದ ಒಂದು ಪಾಲಾದರೂ ಜನರ ನಡುವೆ ಮಾಡಿದ ಪಾಠಕ್ಕೆ ಸಿಗಲಿ.

ನಾಲ್ಕನೆಯದು ಪ್ರವಾಸೋದ್ಯಮ ಇಲಾಖೆಗೆ. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ, ಗೈಡ್‌ಗಳಿಗೆ ಕೆಲಸವೂ ಕಡಿಮೆ. ಆ ದಿನಗಳಲ್ಲಿ ದಿನಭತ್ಯೆ ಕೊಟ್ಟು ಪ್ರತಿವರ್ಷ ಶಾಸನತಜ್ಞರ ಜೊತೆ ಕಮ್ಮಟ ನಡೆಸಲಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಂಪಿ 1986ರಲ್ಲೇ, ಪಟ್ಟದಕಲ್ಲು 1987ರಲ್ಲೇ ಸೇರಿದ್ದವು. ಪಟ್ಟಿ ಸೇರಿದ ಮೇಲೆ ಪಾರ್ಕಿಂಗ್, ದೀಪ, ಶೌಚಾಲಯಗಳಿಗೆ ಹಣ ಬೇಕು, ಅದು ಸರಿ. ವಿವರಿಸುವ ಮನುಷ್ಯರಿಗೂ ಆ ಹಣದಲ್ಲಿ ಪಾಲಿರಲಿ.

ಇಷ್ಟೆಲ್ಲ ಏಕೆ ಎನ್ನುವವರಿಗೆ ನನ್ನ ಉತ್ತರ ಒಂದೇ. ನಮ್ಮ ಪರಂಪರೆಯ ಬಹುಪಾಲು ಇರುವುದು ಬೇಲಿಯ ಒಳಗಲ್ಲ, ಟಿಕೆಟ್ ಕೊಡುವ ಜಾಗದಲ್ಲೂ ಅಲ್ಲ. ಅದು ಹೊಲದ ಬದುವಿನಲ್ಲಿ, ಕೆರೆಯ ತೂಬಿನ ಪಕ್ಕ, ಊರ ಮುಂದಿನ ಅರಳಿಕಟ್ಟೆಯ ಬುಡದಲ್ಲಿದೆ. ಶಾಸನವಿರುವ ಚಪ್ಪಡಿ ಬಟ್ಟೆ ಒಗೆಯುವ ಕಲ್ಲಾಗಿದೆ, ವೀರಗಲ್ಲು ರಸ್ತೆ ಅಗಲಿಸುವಾಗ ಜೆಸಿಬಿಯ ಬಾಯಿಗೆ ಸಿಕ್ಕಿದೆ. ಅಷ್ಟೂ ಕಲ್ಲುಗಳಿಗೆ ಕಾವಲುಗಾರರನ್ನು ಇಡಲು ಯಾವ ಇಲಾಖೆಗೂ ಆಗುವುದಿಲ್ಲ. ಅವುಗಳನ್ನು ಕಾಯಬಲ್ಲವರು ಅವುಗಳನ್ನು ಓದಬಲ್ಲ ಊರಿನವರು ಮಾತ್ರ. ಬೇಲೂರಿಗೆ ಬಂದ ಮಗು ದಾಸೋಜನ ಹೆಸರು ಓದಲು ಕಲಿತರೆ, ಅದು ತನ್ನ ಊರಿನ ಕಲ್ಲನ್ನು ಜೆಸಿಬಿಗೆ ಬಿಟ್ಟುಕೊಡುವುದಿಲ್ಲ. ಪ್ರವಾಸದ ಉಪನ್ಯಾಸಕರ ಮೇಲೆ ಖರ್ಚು ಮಾಡುವ ಹಣ ಸಂರಕ್ಷಣೆಯ ಹಣವೇ ಆಗಿದೆ.

ಓದುಗರಲ್ಲೂ ಒಂದು ಕೋರಿಕೆ. ಈ ಸಲ ಮಗು ಶಾಲಾ ಪ್ರವಾಸದ ಚೀಟಿ ತಂದಾಗ, ಅಥವಾ ನೀವೇ ಹಂಪಿಗೋ ಬಾದಾಮಿಗೋ ಟೂರ್ ಬುಕ್ ಮಾಡುವಾಗ, ಬಸ್ಸು ಎಸಿಯೋ ಅಲ್ಲವೋ ಎಂದು ಕೇಳುವ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ. ಅಲ್ಲಿ ನಮಗೆ ವಿವರಿಸಲು ಯಾರು ಬರುತ್ತಾರೆ, ಅವರು ಏನು ಓದಿಕೊಂಡಿದ್ದಾರೆ? ಹತ್ತು ಮನೆಯವರು ಕೇಳಿದರೆ ಶಾಲೆ ಯೋಚಿಸುತ್ತದೆ, ನೂರು ಜನ ಕೇಳಿದರೆ ಪ್ರವಾಸ ಸಂಸ್ಥೆಯವರು ಹಾಳೆಯಲ್ಲಿ ಆ ಹೆಸರು ಅಚ್ಚುಹಾಕುತ್ತಾರೆ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.